ಎರಡನೇ ಬ್ರೇಕಿನ ಮೇಲಿನ ಕಾಲು

ಮತ್ತೆ ಗೇರು ಕರಕರ ಅಂತು, ಎರಡಕ್ಕೆ ಬೀಳಬೇಕಾದದ್ದು ಎಲ್ಲಿಗೋ ಹೊರಟಿದೆ, ಕ್ಲಚ್ಚು ಪೂರ್ತಿ ಒತ್ತಿ ಟೈಲರಮ್ಮಾ, ಪೂರ್ತಿ — ಅನ್ನುವಾಗಲೇ ಡ್ರೈವಿಂಗ್ ಮೇಡಮ್ಮಿನ ಬಲಗಾಲಿನ ಗಿಣ್ಣಿನಲ್ಲಿ ಯಾರೋ ಸ್ಕ್ರೂ ತಿರುಪಿದಂತಾಯಿತು, ಬ್ಯಾಂಡೇಜು ಸಡಿಲವಾಗಿದೆ, ಗಂಡನ ಅಗಲದ ಚಪ್ಪಲಿಯಲ್ಲೂ ಪಾದ ಹಿಡಿಸುತ್ತಿಲ್ಲ, ಬದನೆಕಾಯಿ, ಬಣ್ಣದಲ್ಲೂ ಗಾತ್ರದಲ್ಲೂ ಬದನೆಕಾಯಿ, ಅದನ್ನು ಡ್ರೈವಿಂಗ್ ಸ್ಕೂಲಿನವರು ತನ್ನ ಸೀಟಿನ ಮುಂದೆಯೂ ಇಟ್ಟಿರುವ ಎರಡನೇ ಬ್ರೇಕಿನ ಮೇಲೆ ಎತ್ತಿಹಿಡಿದು ಕೂರಬೇಕು, ಮುಟ್ಟಕೂಡದು, ಬಿಡಲೂ ಕೂಡದು, ಕಲಿಸುವವಳ ಕಸುಬೆಲ್ಲ ಅಷ್ಟೇ, ಬಾಯಲ್ಲಿ ಸಮಾಧಾನ, ಕಾಲಲ್ಲಿ ಗಾಬರಿ. ಆ ಗಾಬರಿಯಿಂದಲೇ ಆದದ್ದು ಇದು, ಮೊನ್ನೆ ಬ್ಯಾಂಕಿನ ಮೆಟ್ಟಿಲಿಳಿಯುವಾಗ ಎದುರಿನ ರಸ್ತೆಯಲ್ಲಿ ಕಾರೊಂದು ಹಿಂದಕ್ಕೆ ಕಂಬದ ಕಡೆಗೇ ಬರುತ್ತಿತ್ತು, ಯಾರ ಕಾರೋ, ಯಾರ ಕಂಬವೋ, ಇವಳ ಕಾಲು ತನ್ನಷ್ಟಕ್ಕೆ ತಾನು ಬ್ರೇಕು ಒತ್ತಿತು, ಅಲ್ಲಿ ಬ್ರೇಕೆಲ್ಲಿ, ಮೆಟ್ಟಿಲಿನ ಅಂಚು, ಪಾದ ಒಳಕ್ಕೆ ಮಡಚಿ ಗಿಣ್ಣಿನ ಹೊರಮೈಯಲ್ಲಿ ಏನೋ ಚಟ್ ಎಂದಿತು — ಕಾರೂ ಕಂಬವೂ ಕ್ಷೇಮ. ಇದನ್ನು ಯಾರಿಗೆ ಹೇಳುವುದು, ಜಾರಿಬಿದ್ದೆ ಅಂದಳು, ಅಂದದ್ದೇ ತಡ ಮನೆತುಂಬ ವೈದ್ಯರು, ಅತ್ತಿಗೆ ಬಿಸಿ ಎಣ್ಣೆ ತಂದು, ಸುಮ್ನೆ ಕೂತ್ಕೊ, ನರ ಮೇಲೆ ನರ ಹತ್ತಿದೆ, ತಿಕ್ಕಿ ಇಳಿಸ್ತೀನಿ, ಅಂತ ರೊಟ್ಟಿಹಿಟ್ಟು ನಾದಿದ ಹಾಗೆ ನಾದಿದಳು, ಗಂಡ ಬಿಸಿನೀರಿನ ಚೀಲ ಇಟ್ಟ, ಓಡಾಡು, ಓಡಾಡಿದ್ರೆ ಸಡಿಲ ಆಗುತ್ತೆ, ಓಡಾಡಿದಳು, ಬೆಳಗಾಗುವುದರೊಳಗೆ ಈ ತರಕಾರಿ.

ಮೂಳೆ ಡಾಕ್ಟರು ಗಿಣ್ಣಿನ ಹಿಂಭಾಗ ಒತ್ತಿ ಇಲ್ಲಿ ನೋವಾ, ಇಲ್ಲಿ, ಎದ್ದು ನಾಲ್ಕು ಹೆಜ್ಜೆ ಹಾಕಿ ನೋಡೋಣ, ಹಾಕಿದಳು, ಹಲ್ಲು ಕಚ್ಚಿ ಹಾಕಿದಳು, ಮೂಳೆ ಮುರಿದ ಹಾಗಿಲ್ಲ, ಕಾಲೂರೋಕೇ ಆಗದಿದ್ರೆ ಎಕ್ಸ್‌ರೇ ತೆಗೀಬೇಕಿತ್ತು, ಮೂಳೆಗೆ ಮೂಳೆ ಕಟ್ಟಿರೋ ಪಟ್ಟಿ ಒಂದಿಷ್ಟು ಹರಿದಿದೆ, ಹರಿದಿರೋದನ್ನ ತಿಕ್ಕಿದವರು ಯಾರು ತಾಯಿ? ಐಸು ಬಟ್ಟೆಯಲ್ಲಿ ಸುತ್ತಿ ಇಡಿ, ಬರೀ ಚರ್ಮಕ್ಕೆ ಬೇಡ, ದಿಂಬಿನ ಮೇಲೆ ಕಾಲೆತ್ತಿ ಮಲಗಿ, ಬೆರಳು ನೀಲಿಯಾಗೋ ಹಾಗೆ ಬಿಗಿಯಬೇಡಿ — ಅಲ್ಲ, ಹೋದ ವರ್ಷ ಉಳುಕಿದ್ದೂ ಇದೇ ಕಾಲಲ್ವಾ, ವಾಸಿಯಾದ ಮೇಲೆ ಒಂಟಿಕಾಲಲ್ಲಿ ನಿಲ್ಲೋ ಅಭ್ಯಾಸ ಹೇಳಿದ್ನಲ್ಲ, ಮಾಡಿದ್ರಾ? ಮಾಡ್ತಿದ್ದೆ ಡಾಕ್ಟ್ರೇ. ಹಲ್ಲುಜ್ಜುತ್ತಾ ಎರಡು ದಿನ ಮಾಡಿದಳು, ಏನೇ ಕೊಕ್ಕರೆ, ಮೀನು ಸಿಕ್ತಾ, ಅಂದ ಗಂಡ, ಅಲ್ಲಿಗೆ ಮುಗಿಯಿತು, ಸಡಿಲವಾಗಿಯೇ ಉಳಿದ ಗಿಣ್ಣು ಕಾದು ಕೂತಿತ್ತು. ಜೋರಾಗಿ ಒತ್ತಿದ್ರೂ ನೋಯದೇ ಇರೋವರೆಗೆ ಕಾರು ಮುಟ್ಟಬೇಡಿ. ನಾನೆಲ್ಲಿ ಓಡಿಸ್ತೀನಿ ಡಾಕ್ಟ್ರೇ, ಪಕ್ಕದಲ್ಲಿ ಕೂರೋದು ಅಷ್ಟೇ — ಪಕ್ಕದಲ್ಲಿ ಕಾಲಡಿ ಏನಿದೆ ಅಂತ ಅವರು ಕೇಳಲಿಲ್ಲ, ಇವಳೂ ಹೇಳಲಿಲ್ಲ.

ನಾಳೆ ಟೈಲರಮ್ಮನ ಟೆಸ್ಟು, ಆಗಲೇ ಎರಡು ಸಲ ಫೇಲು, ಹೊಲಿಗೆ ಮಿಷಿನ್ನು ತುಳಿದಂತೆ ಆಕ್ಸಿಲರೇಟರು ತುಳಿಯುವ ಹೆಂಗಸು, ಬೇರೆ ಮಾಸ್ತರು ಬೇಡ ಮೇಡಂ, ಅವರು ಬೈದ್ರೆ ನನ್ನ ಕೈಕಾಲೇ ಆಡಲ್ಲ, ನೀವಿದ್ರೆ ಮಾತ್ರ, ಅಂತ ಫೋನಿನಲ್ಲಿ ಗೋಳೋ ಅಂದಳು, ಸರಿ ಬರ್ತೀನಿ ಅಂದವಳು ಇವಳೇ, ಮುಖಸ್ತುತಿಗೆ ಕರಗದ ಕಾಲೆಲ್ಲಿದೆ — ಎಡಗಾಲಿನಲ್ಲಿ ಒತ್ತು, ಅಂದ ಗಂಡ, ದೊಡ್ಡ ಇಂಜಿನಿಯರು, ಎಡಗಾಲಿಗೆ ಗೊತ್ತಿರುವುದು ಕ್ಲಚ್ಚೊಂದೇ, ಬೆಳಿಗ್ಗೆ ಒಮ್ಮೆ ಒತ್ತಿ ನೋಡಿದಳು, ನೆಲಕ್ಕೇ ಒತ್ತಿತು, ಟೈಲರಮ್ಮನ ಹಣೆ ಸ್ಟೇರಿಂಗಿಗೆ, ಅಯ್ಯೋ ಮೇಡಂ, ನಾನೇನು ತಪ್ಪು ಮಾಡ್ದೆ. ಏನೂ ಇಲ್ಲಮ್ಮ, ಅಂದಿದ್ದಳು. ಈಗ ಎಡಕ್ಕೆ ತಗೊಳ್ಳಿ, ಕನ್ನಡಿ ನೋಡಿ, ಮುಖ ನೋಡ್ಕೊಳ್ಳೋಕಲ್ಲ, ಹಿಂದೆ ನೋಡೋಕೆ, ನಿಂತ ವ್ಯಾನುಗಳು ಸಾಲಾಗಿವೆ, ನಿಧಾನ, ಇನ್ನೂ ನಿಧಾನ, ಎರಡು ವ್ಯಾನುಗಳ ನಡುವಿನಿಂದ ಚೀಲ ಹಿಡಿದ ಮುದುಕರೊಬ್ಬರು ಆ ಕಡೆ ನೋಡುತ್ತಾ ಈ ಕಡೆ ಇಳಿದರು, ಒತ್ತು, ಒತ್ತು ಅಂದಿತು ತಲೆ, ಪಾದ ಇಳಿಯಿತು, ಬ್ರೇಕಿಗೆ ತಾಗಿತು, ತಾಗಿದ್ದೇ ಗಿಣ್ಣಿನಿಂದ ತೊಡೆವರೆಗೆ ಬೆಂಕಿ, ಕಾಲು ತನ್ನಷ್ಟಕ್ಕೇ ಮೇಲಕ್ಕೆ — ಕಾರು ನಿಂತಿದೆ. ಮುದುಕರು ಬಾನೆಟ್ಟಿಗೆ ಪಟಾರನೆ ಬಡಿದರು, ಕಣ್ಣು ಮನೇಲಿಟ್ಟು ಬಂದ್ರೇನಮ್ಮ ಇಬ್ರೂ, ಅಂದು ಚೀಲ ಎತ್ತಿಕೊಂಡು ದಾಟಿದರು. ಟೈಲರಮ್ಮ ಏದುಸಿರು ಬಿಡುತ್ತಾ ತಿರುಗಿದಳು, ಮೇಡಂ, ಈಗ ಬ್ರೇಕ್ ಹಾಕಿದ್ದು ನಾನಾ, ನೀವಾ? ಕಲಿಯಲು ಬಂದವರೆಲ್ಲ ಕೇಳುವುದೇ ಇದು, ಎಲ್ಲರಿಗೂ ಹೇಳುವುದು ಒಂದೇ, ನೀವೇ, ನೀವೇ ಹಾಕಿದ್ದು, ಹೇಳುತ್ತಾ ಹೇಳುತ್ತಾ ಸುಳ್ಳೆನ್ನುವುದೂ ಮರೆತುಹೋದ ಉತ್ತರ — ನೀವೇ, ಅಂದಳು, ಈ ಸಲ ಮಾತ್ರ ಅದು ಸುಳ್ಳಲ್ಲ. ಹಂಗಾದ್ರೆ ನಂಗೆ ಬರುತ್ತೆ ಮೇಡಂ! ಬರುತ್ತಮ್ಮ, ಬದಿಗೆ ನಿಲ್ಲಿಸಿ, ಬೇರೆ ಮಾಸ್ತರಿಗೆ ಫೋನ್ ಮಾಡ್ತೀನಿ, ನಾಳೆ ಅವರೇ ಬರ್ತಾರೆ. ಯಾಕ್ ಮೇಡಂ, ಏನಾಯ್ತು ಮೇಡಂ — ಬ್ರೇಕಿಗೂ ಪಾದಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗ, ಇಳಿ ಅಂದರೆ ಇಳಿಯುತ್ತಿಲ್ಲ, ಎರಡು ಬೆರಳು, ಆ ಜಾಗದಲ್ಲಿ ಚೀಲ ಹಿಡಿದ ಮುದುಕರು, ಆ ಕಡೆ ನೋಡುತ್ತಾ, ಎರಡು ಬೆರಳು, ಚೀಲ ಹಿಡಿದ ಮುದುಕರು ಇನ್ನೂ ಇಳಿಯುತ್ತಲೇ ಇದ್ದಾರೆ.