ಸ್ಟೀರಿಯೋಗೆ ಹಚ್ಚಿದ ಔಷಧಿ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬ ವಿಷಯದಲ್ಲಿ ನನಗೂ ಇದರ ನಾಯಕ ದೊಡ್ಡಮುನಿಯಪ್ಪನಿಗೂ ಇನ್ನೂ ಒಮ್ಮತ ಬಂದಿಲ್ಲ. ಕೆರೆಯಿಂದ ಶುರುಮಾಡೋಣ ಎನ್ನುವುದು ನನ್ನ ವಾದ. ನನಗೆ ರೂಢಿಯಾಗಿರುವುದೇ ಆ ದಾರಿ: ಮೊದಲು ಕೆರೆ, ಕೆರೆಯ ಮೇಲಿನ ಮಂಜು, ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವ ಒಬ್ಬ ಹೆಂಗಸು, ಆಮೇಲೆ ಊರು, ಊರೊಳಗೊಂದು ಮನೆ, ಮನೆಯೊಳಗೊಬ್ಬ ಮನುಷ್ಯ. ಹಾಗೆ ಬರೆದೂ ನೋಡಿದೆ. ಪುಟಗಳು ಮುಗಿಯುತ್ತ ಬಂದವು, ದೊಡ್ಡಮುನಿಯಪ್ಪ ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ.

"ಕೆರೆ ಬೇಡ ಸ್ವಾಮಿ," ಎಂದ ಅವನು, ಹಾಸಿಗೆಯಿಂದಲೇ. "ಈಗ ಅದು ನೀವು ಬರ್ದಂಗಿಲ್ಲ, ವಾಸನೆ ಹೊಡೀತೈತೆ. ಓದೋರು ಅಲ್ಲಿಂದ್ಲೇ ವಾಪಸ್ ಹೋಗ್ಬಿಡ್ತಾರೆ. ಸೆಟ್ಟಿಂದ ಶುರುಮಾಡಿ."

(ಕಥೆಯೊಳಗೆ ನಾನು ಅವನನ್ನು ‘ಅವನು’ ಎನ್ನುತ್ತೇನೆ. ಎದುರಿಗೆ ಸಿಕ್ಕರೆ ‘ನೀವು’. ಅರವತ್ತು ದಾಟಿದ ಮನುಷ್ಯ. ಓದುಗರು ತಪ್ಪು ತಿಳಿಯಬಾರದು.)

ಸರಿ, ಸೆಟ್ಟಿನಿಂದ.

೨

ಸೆಟ್ಟು ಎಂದರೆ ಸ್ಟೀರಿಯೋ ಸೆಟ್ಟು. ಕೆ.ಆರ್. ಪುರಂನ ಹಳೇ ಊರಿನಲ್ಲಿ ದೊಡ್ಡಮುನಿಯಪ್ಪನ ಮನೆ; ಆ ಮನೆಯ ಹಾಲ್‌ನ ಮೂಲೆಯಲ್ಲಿ ಅದರ ಜಾಗ. ಒಂದು ಕಾಲಕ್ಕೆ ಅವನು ಹೂಕೋಸು, ಬೀನ್ಸು ಬೆಳೆದು ಮಾರುಕಟ್ಟೆಗೆ ಹಾಕುತ್ತಿದ್ದವನು. ಹೊಲ ಲೇಔಟ್ ಆಯಿತು, ಮನೆಯ ಮೇಲೆ ಬಾಡಿಗೆ ರೂಮುಗಳು ಎದ್ದವು, ಕೈಗೆ ಕೆಲಸ ಕಡಿಮೆಯಾಗಿ ಕಿವಿಗೆ ಬಿಡುವು ಸಿಕ್ಕಿತು. ಶಿವಾಜಿನಗರದ ಅಕ್ತರ್ ಎಂಬ ರಿಪೇರಿಯವನು ಬಿಡಿ ಸಾಮಾನು ತಂದು ಜೋಡಿಸಿಕೊಟ್ಟ ಅಸೆಂಬಲ್ಡ್ ಸೆಟ್ಟು ಅದು. ಕ್ಯಾಸೆಟ್ ಹಾಕುವ ಡೆಕ್ಕು, ಅದರ ಕೆಳಗೆ ಆಂಪ್ಲಿಫೈಯರು, ಎರಡು ಕಡೆ ಎಳೆಗರುವಿನೆತ್ತರದ ಎರಡು ಸ್ಪೀಕರು. ಮಧ್ಯಾಹ್ನದ ಊಟವಾದ ಮೇಲೆ ಅವನು ಜಾನಪದ ಹಾಡಿನ ಒಂದು ಕ್ಯಾಸೆಟ್ ಹಾಕಿ, ಎರಡೂ ಸ್ಪೀಕರಿನ ನಡುವೆ ಚಾಪೆ ಹಾಸಿಕೊಂಡು, ಗದ್ದೆಗೆ ನೀರು ಬಿಟ್ಟು ಬದುವಿನ ಮೇಲೆ ಕೂತವನ ಹಾಗೆ ಕೂರುತ್ತಿದ್ದ.

ಎರಡು ಸಾವಿರದ ಒಂದನೇ ಇಸವಿಯ ಅವರೆಕಾಯಿ ಕಾಲಕ್ಕೆ ಬಲಗಡೆಯ ಸ್ಪೀಕರು ಕೆಮ್ಮತೊಡಗಿತು. ಹಾಡುವ ಹೆಂಗಸಿನ ದನಿ ಎಡಗಡೆಯಿಂದ ಮಾತ್ರ, ಅದೂ ಕಂಬಳಿ ಹೊದ್ದುಕೊಂಡು ಹಾಡಿದಂತೆ. ಬಲಗಡೆ ಬರೀ ಕೊರಕೊರ.

ಅದೇ ಹೊತ್ತಿಗೆ ಮಗಳು ಹಂಸ ಬಾಣಂತನಕ್ಕೆ ಬರುವುದೆಂದಾಯಿತು. ಹೆಂಡತಿ ಆಂಜನಮ್ಮ ಹಾಲ್‌ನಲ್ಲಿ ನಿಂತು ನಾಲ್ಕೂ ಗೋಡೆ ನೋಡಿದಳು.

"ಗಾಳಿ ಬಡಿಯದ ಮೂಲೆ ಅಂದ್ರೆ ಇದೊಂದೇ. ಮಂಚ ಇಲ್ಲಿಗೆ. ಭಾನುವಾರ ನನ್ ತಮ್ಮ ಲಗೇಜ್ ಆಟೋ ತರ್ತಾನೆ, ಈ ಪೆಟ್ಟಿಗೆಗಳ್ನ ಎತ್ಕೊಂಡೋಗ್ಲಿ. ಅವನ ಶಾಮಿಯಾನ ಅಂಗ್ಡಿಗಾಗ್ತದೆ."

"ಶಾಮಿಯಾನಕ್ಕಾ? ಮೈಕಲ್ಲಿ ಊಟಕ್ಕೆ ಬನ್ನಿ ಅಂತ ಕರೆಯೋಕಾ?"

"ಇಲ್ಲಿ ಇದ್ದು ಏನು ಕಿಸೀತಾ ಐತೆ? ಕೆಮ್ತಾ ಐತೆ. ಮನೆಗೆ ಕೂಸು ಬರೋ ಹೊತ್ತಲ್ಲಿ."

ದೊಡ್ಡಮುನಿಯಪ್ಪ ಯೋಚಿಸಿ ಒಂದು ಪಂದ್ಯ ಕಟ್ಟಿದ. ಭಾನುವಾರದೊಳಗೆ ಅವನು ಸೆಟ್ಟನ್ನು ಸರಿಮಾಡಬೇಕು. ಸರಿಯಾದದ್ದು ಆಂಜನಮ್ಮನ ಕಿವಿಗೇ ಗೊತ್ತಾಗಬೇಕು. ಗೊತ್ತಾದರೆ ಒಳಕೋಣೆಯ ರಾಗಿ ಮೂಟೆಗಳನ್ನು ತಾನೇ ಹೊತ್ತು ಹಾಕಿ, ಕಿಟಕಿಗೆ ಹಲಗೆ ಹೊಡೆದು, ಮಂಚಕ್ಕೆ ಅಲ್ಲಿ ಜಾಗ ಮಾಡುತ್ತಾನೆ. ಗೊತ್ತಾಗದಿದ್ದರೆ ಸೆಟ್ಟು ಶಾಮಿಯಾನಕ್ಕೆ.

"ಬೆನ್ನು ಹಿಡ್ಕೊಂಡ್ರೆ ನನ್ ಕೇಳ್ಬೇಡಿ," ಎಂದು ಆಂಜನಮ್ಮ ಒಪ್ಪಿದಳು.

೩

ಈಗ ದೊಡ್ಡಮುನಿಯಪ್ಪ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋಗಬೇಕು. ಈ ಪ್ರಯಾಣವನ್ನು ನಾನು ಸಾವಧಾನವಾಗಿ ಬರೆಯುವವನಿದ್ದೆ. ಟಿನ್ ಫ್ಯಾಕ್ಟರಿ, ಹಲಸೂರು, ಕಿಟಕಿ ಪಕ್ಕದ ಸೀಟಿಗಾಗಿ ಆದ ಸಣ್ಣ ಜಗಳ. ಅವನು ನನ್ನ ಪೆನ್ನಿನ ಮೇಲೆ ಕೈ ಇಟ್ಟ.

"ಭಾನುವಾರ ನಾಡಿದ್ದೇ ಸ್ವಾಮಿ. ಇಳಿಸ್ಬಿಡಿ."

ಇಳಿಸಿದೆ.

ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅಕ್ತರ್‌ನ ಅಂಗಡಿ ಬೀರುವಿನಷ್ಟು ಅಗಲ. ರೋಗದ ವಿವರ ಕೇಳಿದವನೇ ಅವನು ಡ್ರಾಯರಿನಿಂದ ಉಗುರುಬಣ್ಣದ ಬಾಟಲಿಯಷ್ಟು ಚಿಕ್ಕ ಒಂದು ಬಾಟಲಿ ತೆಗೆದ. ಮುಚ್ಚಳಕ್ಕೇ ಅಂಟಿಕೊಂಡ ಬ್ರಷ್ಷು.

"ಫಾರಿನ್ ಮಾಲು ಯಜಮಾನ್ರೆ. ವೈರಿನ ಪಿನ್ನು ಐತಲ್ಲ, ಅದು ತೂತೊಳಗೆ ಕುಂತ್ಕೊಳ್ಳೋ ಜಾಗ, ಅಲ್ಲಿ ಧೂಳು, ಕಿಲುಬು ಎಲ್ಲಾ ಸೇರ್ಕೊಂತದೆ. ಕರೆಂಟು ಪಾಪ, ಟಿನ್ ಫ್ಯಾಕ್ಟರಿ ಹತ್ರ ಬಸ್ಸು ನಿಂತಂಗೆ ನಿಂತ್ಬಿಡ್ತದೆ. ಪಿನ್ನು ಕಿತ್ತು, ಹತ್ತೀಲಿ ಒರೆಸಿ, ಇದು ಒಂದು ಕೋಟ್ ಹಚ್ಚಿ, ವಾಪಸ್ ಹಾಕಿ. ರೋಡ್ ಕ್ಲಿಯರ್. ಹಾಡೋ ಅಮ್ಮ ನಿಮ್ ಹಾಲಲ್ಲೇ ಬಂದು ಕುಂತ್ಬಿಡ್ತಾರೆ."

"ಹೆಂಡ್ತಿಗೆ ಗೊತ್ತಾಗ್ತದಾ?"

"ಯಾವ ಅಮ್ಮ ಬಂದು ಕುಂತಿದ್ದು?"

"ವ್ಯತ್ಯಾಸ ಕಣಯ್ಯ. ಸೌಂಡಿಂದು."

ಅಕ್ತರ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಅದು ಕಿವಿಗೆ ಬಿಟ್ಟಿದ್ದು ಯಜಮಾನ್ರೆ. ನಮ್ಮನೇಲಿ ಹೆಂಡ್ತಿ ಬದ್ರುನ್ನೀಸಾಗೆ ನಾನು ಪಕ್ಕದಲ್ಲಿ ನಿಂತು ಮಾತಾಡಿದ್ರೂ ಕೇಳ್ಸಲ್ಲ. ಪಕ್ಕದ್ಮನೇಲಿ ಚಿನ್ನದ ವಿಷ್ಯ ಬಂದ್ರೆ ಗೋಡೆ ದಾಟಿ ಕೇಳಿಸ್ತದೆ. ಇದಕ್ಕೆ ಯಾವ ಔಷಧಿ ಹಚ್ಲಿ?"

(ಈ ದ್ರಾವಣ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಓದುಗರು ನನ್ನನ್ನು ಕೇಳಬಾರದು. ಎತ್ತಿನ ಕೊಂಬಿಗೆ ಹಚ್ಚುವ ಎಣ್ಣೆಯ ಬಗ್ಗೆ ಕೇಳಿ, ಹೇಳುತ್ತೇನೆ.)

೪

ಪರೀಕ್ಷೆ ಶನಿವಾರ ಬೆಳಗ್ಗೆ. ಆಂಜನಮ್ಮ ನೆನೆಸಿದ ಅವರೆಕಾಳಿನ ಬೋಗುಣಿ ಇಟ್ಟುಕೊಂಡು, ಬಾಗಿಲಿಗೆ ಬೆನ್ನು ಮಾಡಿ, ಆಚೆ ಮೆಟ್ಟಿಲ ಮೇಲೆ ಕೂತಳು. ಕಾಳು ಹಿದುಕುತ್ತ ಕೇಳುವುದು ಅವಳ ಶರತ್ತು. ಬರೀ ಕಿವಿಗಾಗಿ ಕೂರಲು ಅವಳಿಗೆ ಪುರುಸೊತ್ತಿಲ್ಲ. ಒಂದೇ ಹಾಡು ಎರಡು ಸಲ. ಔಷಧಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ.

ಮೊದಲನೆಯದು ಮುಗಿಯಿತು, ಕೆಮ್ಮು ಸಮೇತ. ದೊಡ್ಡಮುನಿಯಪ್ಪ ಆಂಪ್ಲಿಫೈಯರನ್ನು ತಿರುಗಿಸಿ, ಬಲಗಡೆಯ ಪಿನ್ನು ಕಿತ್ತು, ಹತ್ತಿಯಿಂದ ಒರೆಸಿದ.

ಹತ್ತಿ ಕೆಂಪಾಯಿತು.

ಕಿಲುಬು ಹಸಿರಾಗಿರುತ್ತದೆ, ಧೂಳು ಕಪ್ಪಾಗಿರುತ್ತದೆ. ಇದು ಕೆಂಪು, ಅಂಚಿನಲ್ಲಿ ಒಂದಿಷ್ಟು ಹಳದಿ. ಕಡ್ಡಿಗೆ ಹತ್ತಿ ಸುತ್ತಿ ತೂತಿನೊಳಗೆ ತಿರುಗಿಸಿದ. ಅಲ್ಲೂ ಅದೇ. ಮೂಗಿನ ಹತ್ತಿರ ಹಿಡಿದ. ಕುಂಕುಮ.

ಇಲ್ಲಿ ನಾನು ಒಂದು ವಿಷಯ ತಿಳಿಸಬೇಕು. ಹೊಲ ಇದ್ದ ಕಾಲದಲ್ಲಿ ಆಯುಧಪೂಜೆಯ ದಿನ ಪಂಪ್‌ಸೆಟ್ಟಿಗೆ ಪೂಜೆ ಮಾಡುತ್ತಿದ್ದವಳು ಆಂಜನಮ್ಮ. ಬೇರೆಯವರು ಮೋಟಾರಿನ ನೆತ್ತಿಗೆ ಒಂದು ಬೊಟ್ಟಿಟ್ಟು ಕೈ ಮುಗಿದರೆ ಇವಳು ಒಂದೊಂದು ಕೀಲಿಗೂ ಇಡುತ್ತಿದ್ದಳು. ಶಕ್ತಿ ಇರುವುದು ಎರಡು ಸೇರುವ ಕಡೆ, ಬೊಟ್ಟು ಬೀಳಬೇಕಾದ್ದು ಅಲ್ಲಿ ಎನ್ನುವುದು ಅವಳ ಲೆಕ್ಕಾಚಾರ. ಸುತ್ತಲ ತೋಟದವರ ಮೋಟಾರೆಲ್ಲ ಸುಟ್ಟವು, ಇವರದು ಸುಡಲಿಲ್ಲ. ಮೋಟಾರು ಹೋಯಿತು, ಸೆಟ್ಟು ಬಂತು. ಪ್ರತಿ ವರ್ಷ ಗಂಡ ಬೀದಿಯಲ್ಲಿ ಸ್ಕೂಟರ್ ತೊಳೆಯುವ ಹೊತ್ತಿಗೆ ಅವಳು ಸೆಟ್ಟನ್ನು ಮುಂದಕ್ಕೆಳೆದು, ಒಂದೊಂದೇ ಪಿನ್ನು ಕಿತ್ತು, ಒದ್ದೆ ಬೆರಳಲ್ಲಿ ಅರಿಶಿನ ಕುಂಕುಮ ಒಳಗಿಟ್ಟು, ಭಕ್ತಿಯಿಂದ ಮತ್ತೆ ಒತ್ತಿದ್ದಾಳೆ. ಬಲಗಡೆಗೆ ಒಂದು ಪಾಲು ಜಾಸ್ತಿಯೇ.

ಈ ಜಾಗದಲ್ಲಿ ಅವನು ನಗುತ್ತಾನೋ ಸಿಟ್ಟಾಗುತ್ತಾನೋ ಎಂದು ನಾನು ಕಾದೆ. ಅವನು ಹತ್ತಿಯನ್ನೆಲ್ಲ ಉಂಡೆ ಮಾಡಿ ಪಟಾಪಟಿ ಚಡ್ಡಿಯ ಜೇಬಿಗೆ ತುರುಕಿದ.

"ಇದನ್ನ ಬರೀಬೇಡಿ ಸ್ವಾಮಿ. ಅವಳಿಗೆ ಗೊತ್ತಾದ್ರೆ ಬೇಜಾರ್ ಮಾಡ್ಕೊಂತಾಳೆ. ಇಷ್ಟು ವರ್ಷ ಅದಕ್ಕೆ ಒಳ್ಳೇದಾಗ್ಲಿ ಅಂತ ಇಟ್ಟಿರೋದು."

"ಆಂಜನಮ್ಮನವರು ಕಥೆ ಓದ್ತಾರಾ?"

"ಹಂಸ ಓದಿ ಹೇಳ್ತಾಳೆ."

(ಹಂಸ ಅವರೇ, ದಯವಿಟ್ಟು ಈ ನಾಲ್ಕನೇ ಭಾಗ ಬಿಟ್ಟು ಓದಿ.)

೫

ಎಲ್ಲ ಪಿನ್ನು ಒರೆಸಿ, ಔಷಧಿ ಹಚ್ಚಿ, ಒತ್ತಿ, ಹಾಡು ಹಾಕಿದ. ಬಲಗಡೆಯ ಸ್ಪೀಕರು ಬಾಯಿಬಿಟ್ಟಿತು. ಅಲ್ಲಿ ಒಂದು ತಮಟೆ ಇತ್ತು, ಇಷ್ಟು ದಿನ ಅದು ಅವನಿಗೆ ಗೊತ್ತೇ ಇರಲಿಲ್ಲ. ತಮಟೆಯ ಹಿಂದೆ ಇನ್ನೊಬ್ಬ ಹೆಂಗಸು ಸೊಲ್ಲು ಹಿಡಿಯುತ್ತಿದ್ದಳು. ದೊಡ್ಡಮುನಿಯಪ್ಪನ ತೋಳಿನ ರೋಮ ಎದ್ದು ನಿಂತಿತು. ಔಷಧಿ ಮಾಡಿದ್ದೆಷ್ಟು, ಕುಂಕುಮ ಹೋದದ್ದು ಮಾಡಿದ್ದೆಷ್ಟು, ಅದು ಅವನಿಗೆ ಬೇಕಿರಲಿಲ್ಲ. ಅವನು ಗೆದ್ದಿದ್ದ.

ಆದರೆ ಹೊರಗಿನ ಬೆನ್ನು ಅಲ್ಲಾಡಲಿಲ್ಲ. ಕಾಳು ಹಿದುಕುವ ಬೆರಳು ನಿಲ್ಲಲಿಲ್ಲ. ಅವನಿಗೆ ಭಯವಾಯಿತು. ಭಯದಲ್ಲಿ ಅವನ ಕೈ ತಾನಾಗಿ ವಾಲ್ಯೂಮಿನ ಗುಂಡಿಗೆ ಹೋಗಿ ಅದನ್ನು ಸ್ವಲ್ಪ, ಸ್ವಲ್ಪವೇ ತಿರುಗಿಸಿತು. (ಬೇಡ ಎಂದು ನಾನು ಅಂಚಿನಲ್ಲಿ ಬರೆದೆ. ಅವನು ಓದಲಿಲ್ಲ.)

ಹಾಡು ಮುಗಿಯಿತು.

"ವಾಲ್ಯೂಮ್ ಜಾಸ್ತಿ ಮಾಡಿದ್ರಿ," ಎಂದಳು ಆಂಜನಮ್ಮ.

"ಯಾರು? ನಾನಾ?"

"ಎದುರು ಮನೆ ನಾಯಿ ಎದ್ದು ಕೂತೈತೆ. ಮೊದಲ್ನೇ ಸಲ ಅದು ಕಿವಿ ಕೂಡ ಎತ್ತಲಿಲ್ಲ. ಮೋಸದಾಟ ನಡೆಯಲ್ಲ."

ಗೆದ್ದಿದ್ದನ್ನು ಅವನೇ ಕೈಯಾರೆ ಕೆಡಿಸಿಕೊಂಡಿದ್ದ.

೬

ಕಥೆಗೆ ಈಗ ಮುಕ್ತಾಯ ಬೇಕು. ನನ್ನ ಬಳಿ ಕೆಲವಿವೆ.

ಒಂದು. ಸೆಟ್ಟು ಲಗೇಜ್ ಆಟೋ ಹತ್ತುತ್ತದೆ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ದೊಡ್ಡಮುನಿಯಪ್ಪ ನೋಡುತ್ತಾನೆ. ಆಮೇಲೆ ಖಾಲಿ ಮೂಲೆಯ ಎದುರು ಮೌನವಾಗಿ ಕೂರುತ್ತಾನೆ. ಇದನ್ನು ನಾನು ಬಹಳ ಚೆನ್ನಾಗಿ ಬರೆದಿದ್ದೆ.

"ಎಷ್ಟೊತ್ತು ಕೂತಿರ್ಬೇಕು?" ಎಂದ ಅವನು.

"ಕಥೆ ಮುಗಿಯೋವರೆಗೆ."

"ಆಗಲ್ಲ ಸ್ವಾಮಿ. ನನಗೆ ಸಕ್ಕರೆ ಕಾಯಿಲೆ. ಆಗಾಗ ಏಳ್ಬೇಕು."

ಇನ್ನೊಂದು. ಆಂಜನಮ್ಮನಿಗೆ ವ್ಯತ್ಯಾಸವೇನೂ ಗೊತ್ತಾಗಿಲ್ಲ. ಆದರೂ ಗಂಡನ ಮುಖ ನೋಡಿ, "ಚೆನ್ನಾಗೈತೆ ಕಣ್ರೀ" ಎನ್ನುತ್ತಾಳೆ. ಅವಳ ಕಣ್ಣಂಚಿನಲ್ಲಿ—

"ನಿಲ್ಸಣ್ಣ," ಎಂದಳು ಆಂಜನಮ್ಮ, ಮೆಟ್ಟಿಲಿನಿಂದ. "ಗಂಡನ ಮನಸ್ಸು ನೋಯ್ಬಾರ್ದು ಅಂತ ಸುಳ್ಳು ಹೇಳೋ ಹೆಂಗಸ್ರು ನಿನ್ ಕಥೆಗಳಲ್ಲಿ ಇನ್ನೂ ಎಷ್ಟು ಜನ ಅವ್ರೆ?"

ನಾನು ಮನಸ್ಸಿನಲ್ಲೇ ಎಣಿಸಿದೆ. ಸಂಖ್ಯೆ ಹೇಳುವುದಿಲ್ಲ.

ಮತ್ತೊಂದು. ಕರೆಂಟು ಹೋಯಿತು ಎಂದು ಬರೆದೆ. ಇಬ್ಬರೂ ತಿರುಗಿ ನನ್ನನ್ನು ನೋಡಿದರು. ಕರೆಂಟು ಬಂತು ಎಂದು ಬರೆದೆ.

ಆಗ ಆಂಜನಮ್ಮ ಎದ್ದಳು. ಕೈ ತೊಳೆದು, ಸೆರಗು ಸಿಕ್ಕಿಸಿ, ಗಂಡನ ಕೈಯಿಂದ ಬಾಟಲಿ ತೆಗೆದುಕೊಂಡಳು.

"ಈಗ ನೀವು ಆಚೆ ಕೂತ್ಕೊಳ್ಳಿ. ನಾನು ಎರಡು ಸಲ ಹಾಡು ಹಾಕ್ತೀನಿ. ನಡುವೆ ಇನ್ನೊಂದು ಕೋಟ್ ಹಚ್ಚಿದ್ರೂ ಹಚ್ಚಿದೆ, ಬಿಟ್ರೂ ಬಿಟ್ಟೆ. ಹಚ್ಚಿದ್ನೋ ಇಲ್ವೋ ಅಂತ ಕೇಳಿ ಹೇಳಿ. ಸರಿಯಾಗಿ ಹೇಳಿದ್ರೆ ಸೆಟ್ಟು ಇಲ್ಲೇ, ರಾಗಿ ಮೂಟೆಗೆ ನಾನೂ ಕೈ ಹಾಕ್ತೀನಿ. ಬರೆಯೋ ಅಣ್ಣಾ, ನೀನೂ ಆಚೆ."

"ನಾನು ಕಥೆಗಾರ ಕಣಮ್ಮ. ಎಲ್ಲಾ ಕಡೆ ಇರ್ಬೇಕಲ್ಲ."

"ಅವರ ಜೊತೇಲೇ ಬಂದಿದೀಯ, ಅವರ ಜೊತೇಲೇ ಇರು."

ಅವಳು ಬಾಗಿಲು ಹಾಕಿ ಚಿಲಕ ಸೇರಿಸಿದಳು. ಯಾವ ಪಿನ್ನು ಎಲ್ಲಿಗೆ ಎಂದು ಕೇಳಲಿಲ್ಲ. ಕೇಳುವ ಅಗತ್ಯವಿಲ್ಲ ಎಂಬುದು ಮೆಟ್ಟಿಲ ಮೇಲೆ ಕೂತ ನಮ್ಮಿಬ್ಬರಿಗೂ ಗೊತ್ತಿತ್ತು.

೭

ಹಾಡು ಒಂದು ಸಲ ಬಂತು. ಸ್ವಲ್ಪ ಹೊತ್ತು ಸದ್ದಿಲ್ಲ. ಇನ್ನೊಂದು ಸಲ ಬಂತು. ದೊಡ್ಡಮುನಿಯಪ್ಪ ಕಣ್ಣು ಮುಚ್ಚಿ, ಬೆರಳ ನಡುವೆ ಒಂದು ಅವರೆಕಾಳು ಹಿಡಿದುಕೊಂಡು ಕೇಳಿದ. ತಮಟೆ ಇತ್ತು, ಸೊಲ್ಲು ಹಿಡಿಯುವ ಹೆಂಗಸಿದ್ದಳು. ಎರಡು ಸಲವೂ ಒಂದೇ ಹಾಗಿದ್ದರು.

"ಏನೂ ಗೊತ್ತಾಗ್ಲಿಲ್ಲ ಸ್ವಾಮಿ. ಹೆಂಗ್ ಗೊತ್ತಾಗ್ತದೆ? ತೆಗೆಯೋದೆಲ್ಲ ನಾನೇ ಆಗ್ಲೇ ತೆಗೆದ್ಬಿಟ್ಟಿದೀನಿ. ಈಗ ಅವಳು ಹಚ್ಚಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

"ಅದನ್ನೇ ಹೇಳಿ."

"ಏನಂತ? ಕೆಮ್ಮು ಬಂದಿದ್ದು ನಿನ್ ಪೂಜೆಯಿಂದ ಅಂತಲಾ?"

ಸುಮ್ಮನೆ ಒಂದು ಉತ್ತರ ಹೇಳಿಬಿಡಬಹುದು. ತಪ್ಪಾದರೆ ಸೆಟ್ಟು ಹೋಯಿತು. ನಿಜ ಹೇಳಿದರೆ ಸೆಟ್ಟು ಉಳಿಯಬಹುದು, ಆದರೆ ಮುಂದಿನ ಆಯುಧಪೂಜೆಗೆ ಅವಳು ಕುಂಕುಮದ ಬಟ್ಟಲು ಹಿಡಿದು ಸೆಟ್ಟಿನ ಮುಂದೆ ಸುಮ್ಮನೆ ನಿಲ್ಲುವುದನ್ನು ನೋಡಬೇಕು. ಎರಡೂ ಅವನಿಗೆ ಬೇಡ. ನನ್ನ ಮುಖ ನೋಡಿದ. ನಾನು ಹಾಳೆ ನೋಡಿದೆ.

ಕಡೆಗೆ ಅವನು ಮೊಣಕಾಲಿಗೆ ಕೈ ಊರಿ ಎದ್ದು, ಬಾಗಿಲು ಬಡಿಯಲು ಬೆರಳು ಮಡಿಸಿದ. ಏನು ಹೇಳಬೇಕೆಂದು ನಿರ್ಧರಿಸಿದ್ದನೋ, ನನಗೆ ಹೇಳಲಿಲ್ಲ.

ಒಳಗೆ ಗುಂಡಿ ಒತ್ತಿದ ಟಕ್ ಸದ್ದು. ಕ್ಯಾಸೆಟ್ಟು ಸರ್ರನೆ ಹಿಂದಕ್ಕೆ ಸುತ್ತಿಕೊಂಡಿತು. ಹಾಡು ಮತ್ತೆ ಮೊದಲಿನಿಂದ.

"ಎರಡು ಸಲ ಅಂತ ತಾನೆ ಮಾತು?" ಎಂದ ದೊಡ್ಡಮುನಿಯಪ್ಪ, ಬೆರಳು ಗಾಳಿಯಲ್ಲೇ.

"ಹೌದು."

"ಮೂರನೇದ್ಯಾಕೆ?"

ಬಾಗಿಲಿಗೆ ಬಾಯಿ ಹತ್ತಿರ ಮಾಡಿ, "ಆಂಜನಮ್ಮಾ, ಹೇಳ್ಲಾ?" ಎಂದ.

ಉತ್ತರವಾಗಿ ತಮಟೆ ಬಂತು. ಸ್ಪೀಕರುಗಳ ನಡುವೆ ಚಾಪೆ ಎಳೆದು ಕೂತ ಸದ್ದಾಯಿತು. ಹಾಡು ಮುಗಿದು ಮತ್ತೆ ಟಕ್, ಮತ್ತೆ ಸರ್ರ್.

"ಆಂಜನಮ್ಮಾ."

"ತಡೀರಿ."

ಅವನು ಮೆಟ್ಟಿಲಿಗೆ ವಾಪಸ್ ಬಂದು ನನ್ನ ಪಕ್ಕ ಕೂತ. ಬೋಗುಣಿಯನ್ನು ನಮ್ಮಿಬ್ಬರ ನಡುವೆ ಎಳೆದುಕೊಂಡ. ಅವನ ಮುಖದಲ್ಲಿ ಏನಿತ್ತು ಎಂದು ಬರೆಯಲು ಹೊರಟೆ. ಅವನು ಹಾಳೆಯ ಮೇಲೆ ಒಂದು ಹಿಡಿ ಅವರೆಕಾಳು ಸುರಿದು, "ಹಿದುಕಿ ಸ್ವಾಮಿ, ಕೈ ಖಾಲಿ ಐತಲ್ಲ," ಎಂದ.

ಭಾನುವಾರ ಏನಾಯಿತು ಎಂದು ಕೇಳುವವರು ಬಾಗಿಲು ಬಡಿಯಬಹುದು. ಚಿಲಕ ಒಳಗಿನಿಂದ ಹಾಕಿದೆ, ಹಾಡು ನಡೆಯುತ್ತಿದೆ, ನನ್ನ ಎರಡೂ ಕೈ ಒದ್ದೆ.