ಆಸಿಡ್ ಇಳಿಯದ ಕಲ್ಲು

"ನಿಮ್ಮ ಚಿಕ್ಕಪ್ಪ ಆಸಿಡ್ಡಿಗೆ ನೀರು ಬೆರೆಸಿದ್ರು ಅಂತ ಒಂದು ಮಾತು ಹೇಳಿಬಿಡಿ, ಮುಗೀತಮ್ಮ," ಎಂದರು ತಾಮ್ರದ ಗಣಿಯ ಮ್ಯಾನೇಜರು.

ಪ್ರಯೋಗಾಲಯದ ಮುಖ್ಯಸ್ಥೆ ಎರಡು ಗಾಜಿನ ಜಾಡಿಗಳನ್ನು ಅವರ ಮೇಜಿನ ಮೇಲಿಟ್ಟಳು. ಹೊಸ ಗುಡ್ಡದ ಅದಿರಿನ ರಾಶಿಗೆ ತಿಂಗಳುಗಟ್ಟಲೆ ಆಸಿಡ್ ಚಿಮುಕಿಸಿದರೂ ತಾಮ್ರ ಕರಗಿ ಇಳಿದಿರಲಿಲ್ಲ. ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಲ್ಲ? ಆಸಿಡ್ ಶೆಡ್ಡಿನಲ್ಲೇ ಕೂದಲು ನರೆಸಿಕೊಂಡ ಅವಳ ಚಿಕ್ಕಪ್ಪ ಸಿಕ್ಕಿದ. ಅರ್ಧ ಆಸಿಡ್ ಮಾರಿಕೊಂಡು ನೀರು ತುಂಬಿಸಿದನಂತೆ. ಬೆಳಿಗ್ಗೆಯೇ ಅವನನ್ನು ಕಳ್ಳನೆಂದು ಗೇಟಿನಾಚೆ ಕಳಿಸಿದ್ದರು.

"ಎರಡರಲ್ಲೂ ಚಿಕ್ಕಪ್ಪನ ಶೆಡ್ಡಿಂದ ತಂದ ಆಸಿಡ್ಡೇ ಸರ್. ಕಲ್ಲಲ್ಲಿರೋ ತಾಮ್ರಾನೂ ಒಂದೇ ಸಮ."

ಹಳೆಯ ಗುಡ್ಡದ ಕಲ್ಲಿದ್ದ ಜಾಡಿಯಲ್ಲಿ ದ್ರವ ಕಡುನೀಲಿಯಾಗಿತ್ತು, ತಳದಲ್ಲಿ ಬಿಳಿಚಿಕೊಂಡ ಕಲ್ಲು ಕೂತಿತ್ತು. ಇನ್ನೊಂದರಲ್ಲಿ ಹಸಿರು ಕಲ್ಲು ಈಗಷ್ಟೇ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

"ಹಳೇದು ಬನ್ನಿನ ಹಾಗೆ, ಮೈತುಂಬ ತೂತು. ಆಸಿಡ್ ಒಳಗಿಳಿಯುತ್ತೆ. ಹೊಸದು ಗಾಜಿನಂಥ ಗಟ್ಟಿ, ಒಳಗೆ ಹೋಗೋಕೆ ದಾರೀನೇ ಇಲ್ಲ. ಸಣ್ಣಗೆ ಪುಡಿ ಮಾಡದೆ ಎಷ್ಟು ಸುರಿದ್ರೂ ಅಷ್ಟೇ. ಇದು ನಿಮಗೂ ಗೊತ್ತು."

ಗೊತ್ತಿತ್ತು. ಹೊಸ ಗುಡ್ಡ ಆರಿಸಿದವರೂ, ದಪ್ಪ ಜಲ್ಲಿಯೇ ಸಾಕೆಂದವರೂ ಅವರೇ. ಅದಕ್ಕೇ ಜಾಡಿಯ ಕಡೆ ಕಣ್ಣು ಹಾಯಿಸಲಿಲ್ಲ.

"ನಾಳೆ ಮಾಲೀಕರು ಬರ್ತಾರೆ. ಯೋಚಿಸಿ ಮಾತಾಡಿ. ಇಬ್ಬರೂ ಮನೇಲಿ ಕೂರೋ ಹಾಗಾಗಬಾರದು."

"ಕೂರ್ತೀವಿ. ಸುಳ್ಳಂತೂ ಹೇಳಲ್ಲ. ಅವರ ಮುಂದೂ ಇದನ್ನೇ ಹೇಳ್ತೀನಿ."

"ಹಾಗಾದ್ರೆ ನಾಳೆಯಿಂದ ಬರಬೇಡಿ."

"ಬರ್ತೀನಿ. ಗೇಟಲ್ಲಿ ತಡೆದ್ರೆ ಗೇಟಲ್ಲೇ ಹೇಳ್ತೀನಿ."

ಚಿಕ್ಕಪ್ಪ ಗೇಟಿನ ಹೊರಗೆ ಗೋಡೆಗೆ ಮುಖಮಾಡಿ ಕಾಯುತ್ತಿದ್ದ. ವಿಷಯ ಕೇಳಿ ಹಣೆ ಚಚ್ಚಿಕೊಂಡ.

"ಹೂಂ ಅಂದುಬಿಡು ಅಂತ ಹೇಳಿರ್ಲಿಲ್ವೇನೇ? ನಾನು ಇವತ್ತಲ್ಲ ನಾಳೆ ರಿಟೈರಾಗೋನು. ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡೆಯಲ್ಲೇ."

"ಹಾಕ್ಕೊಂಡೆ. ನಿನ್ನನ್ನ ಕಳ್ಳ ಅಂದು ತಿನ್ನೋ ಅನ್ನ ನನಗೆ ಬೇಡ ಚಿಕ್ಕಪ್ಪ."

ಪಾಳಿ ಬಿಡುವ ಸೈರನ್ ಕೂಗಿತು. "ನಡಿ ನಡಿ, ಜನ ಬರೋಕೆ ಮುಂಚೆ," ಎನ್ನುತ್ತ ಅವನು ತಲೆ ತಗ್ಗಿಸಿ ಸರಸರನೆ ಹೊರಟ. ಅವಳು ಕದಲಲಿಲ್ಲ. ಗೇಟಿಗೆ ಎದುರಾಗಿ ಕೈಕಟ್ಟಿ ನಿಂತೇ ಇದ್ದಳು.

ಒಳಗಿನಿಂದ ಮೊದಲ ಸಾಲು ಹೊರಬರುತ್ತಿತ್ತು. ಚಿಕ್ಕಪ್ಪ ಹಿಂತಿರುಗಿ ನೋಡಿದ. ಮೆಲ್ಲಗೆ ವಾಪಸು ಬಂದು, ಸುಟ್ಟು ತೂತುಬಿದ್ದ ಅಂಗಿಯ ಕಾಲರು ಸರಿಮಾಡಿಕೊಂಡು, ಬರುವವರ ಕಡೆ ಮುಖಮಾಡಿ ಅವಳ ಪಕ್ಕದಲ್ಲಿ ನಿಂತ.