ಕುದುರೆಯ ಪುಟ

ಅತ್ತೆ ಹಿಂದಿನ ಸಂಜೆ ಮಗಳ ಮನೆಗೆ ಹೊರಟುಹೋಗಿದ್ದರು. ಅವಳ ಗಂಡನ ಅಂತ್ಯಕ್ರಿಯೆಗೆಂದು ಬಂದವರಲ್ಲಿ ಕೊನೆಯವರು ಅವರೇ. ಹದಿನೇಳು ದಿನ ಈ ಮನೆಯಲ್ಲಿ ಯಾರಾದರೊಬ್ಬರು ಬಾಗಿಲು ತೆರೆಯುತ್ತಿದ್ದರು, ಯಾರಾದರೊಬ್ಬರು ಪಾತ್ರೆ ತೊಳೆಯುತ್ತಿದ್ದರು, ಮೂಲೆಯಲ್ಲಿ ಯಾರಾದರೊಬ್ಬರು ಅಳುತ್ತಿದ್ದರು. ಈಗ ಮೂರು ಕೆಲಸವೂ ಅವಳೊಬ್ಬಳ ಪಾಲಿಗೆ ಬಂದವು. ಮೊದಲೆರಡನ್ನು ಮಾಡಿದಳು. ಹಾಲಿನವನಿಗೆ ಬಾಗಿಲು ತೆರೆದಳು, ಎರಡು ಲೋಟ ತೊಳೆದಳು. ಎರಡನೆಯದನ್ನು ಯಾಕೆ ತೊಳೆದೆ ಎಂದು ಗೊತ್ತಾಗಲಿಲ್ಲ. ಅದರಲ್ಲಿ ಯಾರೂ ಕುಡಿದಿರಲಿಲ್ಲ.

ಆಮೇಲೆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡಳು. ಬಾಚುವಾಗ ಗಂಡನ ಮೊದಲ ಮಾತು ನೆನಪಾಯಿತು.

ಐದು ವರ್ಷದ ಹಿಂದೆ ಅವಳು ಕೆಲಸ ಮಾಡುವ ನೀರು ಪರೀಕ್ಷಿಸುವ ಪ್ರಯೋಗಾಲಯದ ಲಿಫ್ಟ್ ಎರಡು ಮಹಡಿಗಳ ನಡುವೆ ಕೆಟ್ಟು ನಿಂತಿತ್ತು. ಒಳಗೆ ಅವಳು, ಕೈಯಲ್ಲೊಂದು ಕಾದಂಬರಿ. ಮುಕ್ಕಾಲು ಗಂಟೆಯ ಮೇಲೆ ಬಾಗಿಲು ಬಿಡಿಸಿದ ಮೆಕ್ಯಾನಿಕ್ ಪುಸ್ತಕ ನೋಡಿ ಹೇಳಿದ್ದ: "ಓ, ಇದಾ? ಇದರಲ್ಲಿ ಅಕ್ಕ ಸಾಯ್ತಾಳಲ್ಲ, ಅದನ್ನ ಹೇಗೋ ತಡ್ಕೋಬಹುದು. ಮರುದಿನ ಬೆಳಿಗ್ಗೆ ತಂಗಿ ಎದ್ದು ತಲೆ ಬಾಚ್ಕೊಳ್ತಾಳಲ್ಲ, ಅದನ್ನ ತಡ್ಕೊಳ್ಳೋಕಾಗಲ್ಲ."

"ಅಕ್ಕ ಸಾಯ್ತಾಳಾ? ನಾನಿನ್ನೂ ಅಲ್ಲಿಗೆ ಬಂದೇ ಇಲ್ಲ ಕಣ್ರೀ!" ಎಂದು ರೇಗಿದ್ದಳು. ಆದರೆ ಮಾತು ಒಳಗೆ ಇಳಿದಿತ್ತು. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಓದಿದವಳು, ಪುಸ್ತಕದ ಬಗ್ಗೆ ದೊಡ್ಡ ದೊಡ್ಡ ಮಾತಾಡುವವರನ್ನು ಸಾಕಷ್ಟು ಕಂಡಿದ್ದಳು. ಕೈತುಂಬ ಗ್ರೀಸು ಮೆತ್ತಿಕೊಂಡವನೊಬ್ಬ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದು ಪುಸ್ತಕದ ಜೀವವನ್ನು ಎತ್ತಿ ತೋರಿಸಿದ್ದನ್ನು ಕಂಡಿರಲಿಲ್ಲ. ಆ ಒಂದು ಮಾತಿಗೆ ಅವನನ್ನು ಮದುವೆಯಾದಳು.

"ಹುಡುಗನಲ್ಲಿ ಏನು ಕಂಡೆ?" ಎಂದು ಅಮ್ಮ ಕೇಳಿದ್ದರು.

"ತುಂಬ ಓದಿದ್ದಾನಮ್ಮ."

"ಎಲ್ಲೀವರೆಗೆ?"

"ಆ ಓದಲ್ಲಮ್ಮ."

ಮದುವೆಯಾದ ಮೇಲೆ ಬೆಳಗಿನ ಟೀ ಹೊತ್ತು ಪುಸ್ತಕಕ್ಕೆ ಮೀಸಲಾಯಿತು. ತಾನು ಓದುತ್ತಿರುವುದನ್ನು ಇವಳು ಹೇಳುವಳು, ತಾನು ಓದಿದ್ದನ್ನು ಅವನು ಹೇಳುವನು. ಇದನ್ನು ಓದು, ಅದನ್ನು ಬಿಡು ಎಂದು ಪರಸ್ಪರ ಶಿಫಾರಸು. ಮನೆಯಲ್ಲಿ ಅವನು ಪುಸ್ತಕ ಹಿಡಿದದ್ದನ್ನು ಅವಳು ಕಂಡಿರಲಿಲ್ಲ. "ಮನೇಲೂ ಓದ್ತಾ ಕೂತ್ರೆ ನಿನ್ ಜೊತೆ ಮಾತಾಡೋದು ಯಾವಾಗ? ಕೆಲಸದಲ್ಲಿ ಕಾಯೋ ಹೊತ್ತು ಬೇಕಾದಷ್ಟಿದೆ," ಎನ್ನುತ್ತಿದ್ದ. ಇಂಥ ಉತ್ತರ ಕೊಡುವ ಗಂಡನನ್ನು ಅನುಮಾನಿಸುವ ಹೆಂಡತಿ ಯಾರು?

ಕಳೆದ ಆರು ತಿಂಗಳಿಂದ ಚೆಸ್‌ನ ಮಾತು ಶುರುವಾಗಿತ್ತು. ಅವನು ಲಿಫ್ಟ್ ನೋಡಿಕೊಳ್ಳುತ್ತಿದ್ದ ದೊಡ್ಡ ಲೈಬ್ರರಿಯ ನೆಲಮಾಳಿಗೆಯಲ್ಲಿ ಪುಸ್ತಕ ಬೈಂಡ್ ಮಾಡುವ ಹೆಂಗಸೊಬ್ಬರಿದ್ದರು. ಬೈಂಡಿಂಗ್ ಅಕ್ಕ ಎಂದು ಅವನು ಕರೆಯುತ್ತಿದ್ದ. ಅವರಿಂದ ಚೆಸ್ ಪಾಠದ ಪುಸ್ತಕವೊಂದನ್ನು ತಂದುಕೊಂಡು ಕಲಿಯುತ್ತಿದ್ದೇನೆ, ಶನಿವಾರ ಅವರ ಜೊತೆ ಆಡುತ್ತೇನೆ ಎಂದಿದ್ದ.

"ಪುಸ್ತಕ ಓದಿ ಈಜು ಕಲಿತ ಹಾಗಾಯ್ತು," ಎಂದು ಇವಳು ಅಣಕಿಸಿದ್ದಳು.

"ನೋಡ್ತಿರು. ಒಂಟೆ ಹುಟ್ಟಿದಾಗಿಂದ ಓರೆಯಾಗೇ ನಡೆಯತ್ತೆ, ನಿನ್ ತಮ್ಮನ ಹಾಗೆ. ರಾಜನ ಕಥೆ ಕೇಳು. ಎಲ್ಲರೂ ಸತ್ತ ಮೇಲೇನೇ ಅವನು ನಡೆಯೋದು ಕಲಿಯೋದು." ಅವಳು ನಕ್ಕಿದ್ದಳು.

ಅವನ ಕೆಲಸದ ಚೀಲವನ್ನು ಕಂಪನಿಯವರು ಮನೆಗೆ ತಲುಪಿಸಿದ್ದರು. ಬಟ್ಟೆ ಅಂಗಡಿಯೊಂದರ ಮೂರನೆಯ ಮಹಡಿಯಲ್ಲಿ, ಕೈಯಲ್ಲಿ ಸ್ಪ್ಯಾನರ್ ಇದ್ದ ಹಾಗೆಯೇ ಅವನ ಹೃದಯ ನಿಂತಿತ್ತು. ಮೂವತ್ತನಾಲ್ಕು ವಯಸ್ಸು. ತಲೆ ಬಾಚಿಕೊಂಡಾದ ಮೇಲೆ ಅವಳು ಆ ಚೀಲ ಬಿಚ್ಚಿದಾಗ ಸ್ಕ್ರೂಡ್ರೈವರ್‌ಗಳ ಕೆಳಗೆ ಕಂದು ಕಾಗದ ಹೊದಿಸಿದ ಪುಸ್ತಕ ಸಿಕ್ಕಿತು. ಮೇಲೆ ಚೀಟಿ: 'ಚೆಸ್. ಓದಿ ಹಿಂತಿರುಗಿಸುವುದು. ಬೈಂಡಿಂಗ್ ಕೋಣೆ.' ಅವಳು ತೆರೆದು ನೋಡಲಿಲ್ಲ. ತೆರೆದರೆ ಅವನ ದನಿ ಕೇಳಿಸೀತು ಎಂಬ ಹೆದರಿಕೆ. ಹಾಗೇ ತನ್ನ ಚೀಲಕ್ಕೆ ಹಾಕಿಕೊಂಡಳು.

ಪ್ರಯೋಗಾಲಯದಲ್ಲಿ ಎರಡು ಬಾಟಲಿಗೆ ಒಂದೇ ನಂಬರ್ ಬರೆದಳು. ಹಿರಿಯ ಕೆಮಿಸ್ಟ್ ಬೈಯಲಿಲ್ಲ, ಅದೇ ಹೆಚ್ಚು ಹಿಂಸೆಯಾಯಿತು. "ಇವತ್ತು ಇಷ್ಟು ಸಾಕಮ್ಮ, ಹೋಗು," ಎಂದರು. ಮಧ್ಯಾಹ್ನ ಅವಳು ಲೈಬ್ರರಿಗೆ ಹೋದಳು. ಕೊಟ್ಟು ಬರುವುದು, ಐದು ನಿಮಿಷದ ಕೆಲಸ.

ನೆಲಮಾಳಿಗೆಯ ಕೋಣೆಯಲ್ಲಿ ಅಂಟಿನ ವಾಸನೆ, ಹರಿದ ಪುಸ್ತಕಗಳ ರಾಶಿ, ಉದ್ದನೆಯ ಮೇಜು. ಮೇಜಿನ ಹಿಂದೆ ಅರವತ್ತರ ಹೆಂಗಸು, ಕನ್ನಡಕವನ್ನು ಹಣೆಗೇರಿಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು. ಕಂದು ಕಾಗದ ನೋಡಿದ್ದೇ ಸೂಜಿ ಕೆಳಗಿಟ್ಟರು.

"ನಮ್ ಲಿಫ್ಟ್ ಸಾಹೇಬನ ಹೆಂಡ್ತೀನಾ? ಬಾ ತಾಯಿ. ಆ ಕುರ್ಚಿ ಬೇಡ, ಅಂಟು ಬಿದ್ದಿದೆ, ಎದ್ದಾಗ ನಿನ್ ಜೊತೆ ಅದೂ ಬರತ್ತೆ. ಇಲ್ಲಿ ಕೂತ್ಕೋ." ಅವರ ಕಣ್ಣು ತುಂಬಿತು. "ಹೊಸ ಮೆಕ್ಯಾನಿಕ್ ಬಂದು ಹೇಳಿದ. ನಿಮ್ ಮನೆಗೆ ಬರೋಣ ಅಂದ್ರೆ ಎಲ್ಲಿ ಅಂತ ಗೊತ್ತಿಲ್ಲ. ಆರು ವರ್ಷ ಪ್ರತಿ ಶನಿವಾರ ಬಂದಿದ್ದಾನೆ, ಮನೆ ಎಲ್ಲಪ್ಪಾ ಅಂತ ನಾನು ಒಂದು ದಿನಾನೂ ಕೇಳಲಿಲ್ಲ ನೋಡು. ಪುಸ್ತಕದ ಮಾತಿಗೆ ಕೂತ್ರೆ ನಮ್ಮಿಬ್ಬರಿಗೂ ಲೋಕಾನೇ ಬೇಡ."

"ಪುಸ್ತಕದ ಮಾತಾ?" ಎಂದಳು ಅವಳು. ಅಕ್ಕ ಹೊಲಿಯುತ್ತಾರೆಯೇ ಹೊರತು ಒಂದಕ್ಷರ ಓದುವುದಿಲ್ಲ ಎಂದು ಅವನು ಹೇಳಿದ್ದ.

"ಮತ್ತೆ? ಮೇಲೆ ಕೂತಿರೋ ಲೈಬ್ರೇರಿಯನ್‌ಗೆ ಪುಸ್ತಕದ ನಂಬರ್ ಗೊತ್ತು, ಪುಸ್ತಕ ಗೊತ್ತಿಲ್ಲ. ಓದೋದು ಅಂದ್ರೆ ನಿನ್ ಗಂಡ ಓದಿದ ಹಾಗೆ ಓದ್ಬೇಕು. ಎರಡು ತಿಂಗಳ ಹಿಂದೆ ಒಂದು ಕಾದಂಬರಿ ರಿಪೇರಿಗೆ ಬಂತು, ಮೂರು ಗಂಡುಮಕ್ಕಳ ತಾಯಿ ಕಥೆ. ತಾಯಿ ಎಲ್ಲರನ್ನೂ ಕ್ಷಮಿಸಿಬಿಟ್ಟಳು, ದೊಡ್ಡ ಮನಸ್ಸು, ಅಂತ ನಾನಂದೆ. ಮುಂದಿನ ಶನಿವಾರ ಬಂದು ಏನಂದ ಗೊತ್ತಾ? 'ಅಕ್ಕ, ಅವಳು ಕ್ಷಮಿಸಿಲ್ಲ, ಮರೆತಳು ಅಷ್ಟೆ. ವಯಸ್ಸಾದೋರ ಮರೆವನ್ನೇ ದೊಡ್ಡತನ ಅಂದ್ಕೊಂಡು ಮಕ್ಕಳು ನೆಮ್ಮದಿಯಾಗಿರ್ತಾರೆ.' ಒಂದು ವಾರ ನನಗೆ ಅದೇ ಗುಂಗು."

ಅವಳ ಕೈ ಪುಸ್ತಕದ ಮೇಲೆಯೇ ನಿಂತಿತು. ಅದು ತನ್ನದೇ ಮಾತು. ಒಂದು ಗುರುವಾರ ಅವನ ನೀಲಿ ಅಂಗಿಗೆ ಇಸ್ತ್ರಿ ಹಾಕುತ್ತ ಆಡಿದ್ದು. ತಾಯಿಯದು ದೊಡ್ಡ ಮನಸ್ಸು ಎಂದು ಅವನು ಹೇಳಿದಾಗ ಎದುರುತ್ತರವಾಗಿ ಬಂದದ್ದು. ಮಾತಿನ ಭರದಲ್ಲಿ ಕಾಲರ್ ಸ್ವಲ್ಪ ಸುಟ್ಟಿತ್ತು ಕೂಡ. ಅವನು ತಲೆ ಓರೆ ಮಾಡಿ, "ಇನ್ನೊಂದ್ಸಲ ಹೇಳು," ಎಂದಿದ್ದ. ಹಾಗೆ ಆಗಾಗ ಕೇಳುತ್ತಿದ್ದ. ಅದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು. ಅವನು ಬಾಯಿಪಾಠ ಮಾಡಿಕೊಳ್ಳುತ್ತಿದ್ದ.

ಅಳು ಬರಲಿಲ್ಲ. ಕೋಪ ಬಂತು. ಹದಿನೇಳು ದಿನದಲ್ಲಿ ಅವಳೊಳಗೆ ಏನಾದರೊಂದು ಬಂದದ್ದು ಅದೇ ಮೊದಲು.

"ಅಕ್ಕ, ಅದು ನಾನು ಹೇಳಿದ ಮಾತು."

ಅಕ್ಕ ಕನ್ನಡಕ ಇಳಿಸಿ ಅವಳನ್ನು ನೋಡಿದರು. "ನೀನು ಪುಸ್ತಕ ಮುಟ್ಟೋದೇ ಇಲ್ವಂತೆ?"

"ಯಾರು ಹೇಳಿದ್ದು?"

"ಅವನೇ. 'ಅವಳಿಗೆ ನೀರಿನ ಬಾಟಲಿ ಬಿಟ್ರೆ ಬೇರೆ ಲೋಕವಿಲ್ಲ ಅಕ್ಕ, ಪಾಪ' ಅಂತಿದ್ದ."

"ನಿಮಗೆ ಅಂಟು ಬಿಟ್ರೆ ಬೇರೆ ಲೋಕವಿಲ್ಲ ಅಂತ ನನಗೆ ಹೇಳಿದ್ದ."

"ಪಾಪ ಅಂದ್ನಾ?"

"ಅಂದ."

ಅಕ್ಕನಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ದಿನವೆಲ್ಲ ಹರಿದದ್ದನ್ನು ಜೋಡಿಸುವವರು, ಎರಡು ತುಂಡು ಎದುರಿಗಿದ್ದರೆ ಸಾಕು. ಶನಿವಾರ ಇಲ್ಲಿಂದ ಹೊತ್ತದ್ದನ್ನು ಅಲ್ಲಿಳಿಸಿ, ಗುರುವಾರ ಅಲ್ಲಿಂದ ಹೊತ್ತದ್ದನ್ನು ಇಲ್ಲಿಳಿಸಿ, ಎರಡೂ ಕಡೆ ಮೆಚ್ಚುಗೆ ಗಿಟ್ಟಿಸಿದ್ದ ಪುಣ್ಯಾತ್ಮ. ಇಬ್ಬರೂ ಎಂದೂ ಭೇಟಿಯಾಗದಂತೆ ಇಬ್ಬರನ್ನೂ ದಡ್ಡರನ್ನಾಗಿ ಮಾಡಿದ್ದ.

ಅವಳಿಗೆ ಈಗ ಒಂದನ್ನು ಕೇಳಲೇಬೇಕಿತ್ತು. ಕೇಳಬಾರದು ಎಂದೂ ಅನಿಸುತ್ತಿತ್ತು.

"ಮರುದಿನ ಬೆಳಿಗ್ಗೆ ತಂಗಿ ತಲೆ ಬಾಚ್ಕೊಳ್ತಾಳೆ ಅನ್ನೋ ಮಾತು?"

ಅಕ್ಕನ ಮುಖದ ಬಣ್ಣ ಇಳಿಯಿತು. "ಅದನ್ನೂ ಹೇಳಿದ್ನಾ? ಅದು ಕಥೆ ಬಗ್ಗೆ ಆಡಿದ ಮಾತಲ್ಲ ಕಣಮ್ಮ. ನಮ್ಮಕ್ಕ ಹೋದ ಮರುದಿನ ನಾನು ತಲೆ ಬಾಚ್ಕೊಂಡು ಕೆಲಸಕ್ಕೆ ಬಂದೆ. ಇದೇ ಮೇಜು. ಮನೇಲಿ ಯಾರೂ ನನ್ನ ಕ್ಷಮಿಸಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಆ ಪುಸ್ತಕ ಕೈಗೆ ಬಂತು. ಅವತ್ತು ಅವನ ಹತ್ರ ಹೇಳ್ಕೊಂಡೆ. ಅವನೊಬ್ಬನ ಹತ್ರಾನೇ."

"ಆ ಮಾತಿಗೇ ನಾನು ಅವನನ್ನ ಮದುವೆ ಆದೆ."

"ಹಾಗಾದ್ರೆ ನೀನು ಮದುವೆ ಆಗಬೇಕಾಗಿದ್ದು ನನ್ನನ್ನ," ಎಂದರು ಅಕ್ಕ. ಬಾಯಿ ತಪ್ಪಿ ಬಂದ ತಮಾಷೆ. ಅವಳಿಗೆ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. "ಇಷ್ಟು ವರ್ಷ ನಾನೂ ನೀನೂ ಮಾತಾಡ್ಕೊಂಡ್ವಿ. ನಡುವೆ ಕೂತು ಎರಡೂ ಕಡೆ ಟೀ ಕುಡಿದ, ಖದೀಮ." ಅಷ್ಟು ಹೇಳಿ ಅಕ್ಕ ಏಪ್ರನ್ನಿನ ಅಂಚಿನಲ್ಲೇ ಕಣ್ಣೊರೆಸಿಕೊಂಡರು.

ಗಂಡ ಸತ್ತದ್ದು ಹದಿನೇಳು ದಿನದ ಹಿಂದೆ. ಆದರೆ ಸತ್ತವನು ಯಾರು ಎಂಬುದು ಅವಳಿಗೆ ಈಗ ತಿಳಿಯದಾಯಿತು. ಟೀ ಹೊತ್ತಿನ ಐದು ವರ್ಷದ ಮಾತಿನಿಂದ ಅಕ್ಕನದನ್ನು ಕಳೆದರೆ, ತನ್ನದನ್ನು ಕಳೆದರೆ, ಅವನದೆಂದು ಏನಾದರೂ ಉಳಿಯುತ್ತದೆಯೇ? ಒಂದು ಮಾತಾದರೂ?

"ಚೆಸ್ಸಾದರೂ ನಿಜವಾಗಿ ಆಡ್ತಿದ್ರಲ್ಲ ನೀವಿಬ್ಬರು?" ಎಂದಳು. ದನಿ ಬೇಡುವ ಹಾಗಿತ್ತು.

"ಎಲ್ಲಿ ಆಡಿದ್ವಿ? ನಾನು ಈ ಪುಸ್ತಕ ನೋಡ್ಕೊಂಡೇ ಕಲಿತೋಳು. ಎದುರಿಗೆ ಕೂರೋರಿರಲಿಲ್ಲ. ಬಲಗೈ ಬಿಳಿ, ಎಡಗೈ ಕಪ್ಪು. ಅದನ್ನ ಹೇಳ್ದಾಗ, 'ಕೊಡಿ ಅಕ್ಕ, ನನ್ ಹೆಂಡ್ತಿಗೆ ಕಲಿಸ್ತೀನಿ' ಅಂತ ತಗೊಂಡು ಹೋದ. 'ಆಟ ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ' ಅಂದ. ಆಮೇಲೆ ಪ್ರತಿ ವಾರ ಒಂದೇ ಗೋಳು. 'ಎಲ್ಲಾ ಕಲಿತಳು ಅಕ್ಕ, ಕುದುರೆ ನಡಿಗೆ ಮಾತ್ರ ಅವಳ ತಲೆಗೆ ಹತ್ತಲ್ಲ. ಇನ್ನೊಂದ್ಸಲ ತೋರಿಸಿ, ಮನೆಗೆ ಹೋಗಿ ಹೇಳ್ಕೊಡ್ತೀನಿ.' ನಾನೂ ತೋರಿಸ್ದೆ, ತೋರಿಸ್ದೆ. ಎಂಥಾ ಮಂದಬುದ್ಧಿ ಹುಡುಗೀನಪ್ಪಾ ಅಂತ ನಿನ್ನ..." ಅಕ್ಕ ನಾಲಿಗೆ ಕಚ್ಚಿಕೊಂಡರು.

"ಈ ಪುಸ್ತಕವನ್ನ ನಾನು ಇವತ್ತು ಬೆಳಿಗ್ಗೆ ಮೊದಲ ಸಲ ನೋಡಿದೆ."

"ಕೊಡಿಲ್ಲಿ."

ಅಕ್ಕ ಕಂದು ಕಾಗದ ತೆಗೆದರು. "ಹೊಸದಾಗಿ ಹೊಲಿದು, ಹೊಸ ಬೆನ್ನು ಹಾಕಿ ಅವನಿಗೆ ಕೊಟ್ಟಿದ್ದೆ. ಹೊಲಿದ ಮೇಲೆ ನಾನೂ ತೆರೆದಿಲ್ಲ. ಮನುಷ್ಯ ಸುಳ್ಳು ಹೇಳಬಹುದು, ಪುಸ್ತಕದ ಬೆನ್ನು ಹೇಳಲ್ಲ." ಪುಸ್ತಕವನ್ನು ಬೆನ್ನು ಕೆಳಗಾಗಿ ಮೇಜಿನ ಮೇಲೆ ನಿಲ್ಲಿಸಿ, ಎರಡೂ ಅಂಗೈ ನಡುವೆ ಹಿಡಿದು, ಕೈ ಬಿಟ್ಟರು. ಓದುಗ ಎಲ್ಲಿ ಹೆಚ್ಚು ಹೊತ್ತು ನಿಂತಿದ್ದನೋ ಪುಸ್ತಕ ಅಲ್ಲೇ ಬಾಯಿ ಬಿಡುತ್ತದೆ. ರಿಪೇರಿಗೆ ಬಂದ ಪ್ರತಿ ಪುಸ್ತಕವನ್ನೂ ಅವರು ಹೀಗೆ ನೋಡುತ್ತಿದ್ದರು.

ಪುಸ್ತಕ ಹನ್ನೊಂದನೆಯ ಪುಟದಲ್ಲಿ ತೆರೆದುಕೊಂಡಿತು. ಎತ್ತಿ ಮತ್ತೊಮ್ಮೆ ಬಿಟ್ಟರು. ಹನ್ನೊಂದು. ಪುಟದಲ್ಲಿ ಕುದುರೆಯ ಚಿತ್ರ, ಬಾಣದ ಗುರುತುಗಳು. ಅಂಚಿನಲ್ಲಿ, ಚಿತ್ರದ ಮೇಲೆ, ಸಾಲುಗಳ ನಡುವೆ ಗ್ರೀಸಿನ ಹೆಬ್ಬೆರಳ ಗುರುತು, ಒಂದರ ಮೇಲೊಂದು, ಹತ್ತೋ ಹದಿನೈದೋ. ಅಕ್ಕ ಹನ್ನೆರಡನೆಯ ಪುಟ ತಿರುಗಿಸಿದರು. ಬೆಳ್ಳಗಿತ್ತು. ಅಲ್ಲಿಂದ ಕೊನೆಯವರೆಗೂ ಒಂದು ಬೆರಳ ಗುರುತೂ ಇಲ್ಲದೆ ಬೆಳ್ಳಗಿತ್ತು.

ಅವಳು ಬಾಣದ ಗುರುತೊಂದರ ಮೇಲೆ ಬೆರಳಿಟ್ಟಳು.

"ಕುದುರೆ ಹೇಗೆ ನಡೆಯತ್ತೆ ಅಕ್ಕ?" ಎಂದಳು ಅವಳು.

ಕಾಗದ ಕತ್ತರಿಸುವ ಹಲಗೆಯ ಮೇಲೆ ಅಳತೆಯ ಚೌಕಗಳಿದ್ದವು. ಅಕ್ಕ ಒಂದು ಚೌಕದಲ್ಲಿ ದಾರದ ಉಂಡೆ ಇಟ್ಟರು. "ಎರಡು ಮನೆ ನೇರಕ್ಕೆ. ಒಂದು ಮನೆ ಪಕ್ಕಕ್ಕೆ. ನಡುವೆ ಯಾರಿದ್ರೂ ಹಾರಿ ಹೋಗತ್ತೆ."

ಅವಳು ಉಂಡೆಯನ್ನು ತಾನೇ ಎತ್ತಿ ಇಟ್ಟಳು. ಎಡಕ್ಕೊಂದು ಸಲ, ಬಲಕ್ಕೊಂದು ಸಲ, ಹಿಂದಕ್ಕೊಂದು ಸಲ. ತಪ್ಪಲಿಲ್ಲ.

"ಇಷ್ಟೇನಾ?"

"ಇಷ್ಟೇ ಕಣಮ್ಮ."

ಇದು ತಲೆಗೆ ಹತ್ತುತ್ತಿಲ್ಲ ಎಂದು ಒಂದು ಬೆಳಿಗ್ಗೆ ಟೀ ಲೋಟ ಹಿಡಿದು ಅವನು ಹೇಳಿದ್ದರೆ! ಅದು ಅವನದೇ ಮಾತಾಗುತ್ತಿತ್ತು. ಉಳಿದೆಲ್ಲವನ್ನೂ ಕೊಟ್ಟು ಅದೊಂದನ್ನು ಇಟ್ಟುಕೊಳ್ಳುತ್ತಿದ್ದಳು. ಅವನ ಬಳಿ ಇದ್ದ ಒಂದೇ ಒಂದು ಸ್ವಂತ ಮಾತು, ಅದನ್ನೂ ಅವಳ ಹೆಸರು ಹಚ್ಚಿ ಇನ್ನೊಬ್ಬರ ಮುಂದೆ ಇಟ್ಟಿದ್ದ.

ಅಕ್ಕ ಪುಸ್ತಕವನ್ನು ಅವಳತ್ತ ಸರಿಸಿದರು. "ನೀನೇ ಇಟ್ಕೋ. ನಾನು ಬೇರೆ ಹುಡುಕ್ಕೊಳ್ತೀನಿ. ಅವನದು ಅಂತ ಇರೋದು ಈ ಒಂದು ಪುಟ."

"ಬೇಡ ಅಕ್ಕ. ಇದು ನಿಮ್ಮದು. ಕೊಡೋಕೇ ಬಂದಿದ್ದು."

"ಹಾಗಾದ್ರೆ ಈ ಕಲೆ? ರಿಪೇರಿಗೆ ಬಂದ ಪುಸ್ತಕಕ್ಕೆಲ್ಲ ರಬ್ಬರ್ ಹಾಕಿ ಉಜ್ಜೋದೇ, ಮುಕ್ಕಾಲು ಹೋಗತ್ತೆ. ಬಿಡು ಅಂದ್ರೆ ಬಿಡ್ತೀನಿ. ನೀನು ಹೇಳಿದ ಹಾಗೆ."

ಅವಳು ಆ ಹೆಬ್ಬೆರಳ ಗುರುತುಗಳನ್ನು ನೋಡಿದಳು. ಅಂಗಿಗಳ ಮೇಲೆ ಐದು ವರ್ಷ ತಿಕ್ಕಿ ತಿಕ್ಕಿ ತೆಗೆದ ಅದೇ ಗುರುತು. ಪುಸ್ತಕ ಮುಚ್ಚಿದಳು.

"ಬೇರೆ ಪುಸ್ತಕಗಳಿಗೆ ಏನು ಮಾಡ್ತೀರೋ ಅದನ್ನೇ ಮಾಡಿ," ಎಂದು ಹೇಳಿ, ಅದನ್ನು ರಿಪೇರಿಯ ರಾಶಿಯ ಮೇಲಿಟ್ಟಳು.